ಹದಿನಾಲ್ಕನೆಯ ಯಂತ್ರದ ಬಾಗಿಲು

"ಗೊಲ್‌ಬಹಾರಳ ಯಂತ್ರ ಹೊತ್ಕೊಂಡು ಹೋದ್ರಲ್ಲ, ಆವತ್ತಿಂದ ನನ್ನ ಯಂತ್ರಕ್ಕೂ ಕಣ್ಣು ಹೋಗಿದೆ," ಅಂದರು ಇಶ್ರತ್ ಖಾನಮ್. ಅಂದ ಮರುಗಳಿಗೆ ನಾಲಿಗೆ ಕಚ್ಚಿಕೊಂಡರು.

ತೂರಾನ್ ಗುಲ್‌ಷನೀ ಹೊಸ್ತಿಲ ಬಳಿ ಬಗ್ಗಿ ಬೂಟು ತೊಡುತ್ತಿದ್ದಳು. ಒಂದು ಕಾಲು ಒಳಗೆ ಹೋಗಿತ್ತು. ಇನ್ನೊಂದು ಅಲ್ಲೇ ನಿಂತಿತು.

ಈ ಮನೆಯನ್ನೇ ಕಚೇರಿ ಮಾಡಿಕೊಂಡಿದ್ದ ಉಸ್ತಾದ್ ಜರ್ನೆಗಾರ್ ಮೂರು ವರ್ಷ ಕೂತು ಬರೆದ ರತ್ನಗಂಬಳಿಯ ನಕ್ಷೆ ಕಳವಾಗಿ ಹೊರದೇಶದ ಯಂತ್ರಮಗ್ಗಗಳಲ್ಲಿ ನೇಯ್ದು ಬರುತ್ತಿತ್ತು. ಅದು ಹೊರಗೆ ಹೋದದ್ದು ಅವರ ಸಹಾಯಕಿ ಗೊಲ್‌ಬಹಾರಳ ಕಂಪ್ಯೂಟರಿನಿಂದ ಎಂದು ಮಾಡೆಮಿನ ದಾಖಲೆ ಹೇಳುತ್ತಿತ್ತು. ಕೋರ್ಟು ನೇಮಿಸಿದ ಕಂಪ್ಯೂಟರ್ ತಜ್ಞೆ ತೂರಾನ್ ಈಗ ಆ ಮಾತಿನ ಕೆಳಗೆ ಸಹಿ ಹಾಕುವುದಷ್ಟೇ ಬಾಕಿ ಇತ್ತು. ಹಾಕಿದರೆ ಇಪ್ಪತ್ತಾರರ ಆ ಹುಡುಗಿ ಇಸ್ಫಹಾನಿನ ಜೈಲಿಗೆ ಹೋಗುತ್ತಿದ್ದಳು.

ತೂರಾನ್ ಬೂಟು ಬಿಚ್ಚಿ ಒಳಗೆ ಬಂದಳು.

"ಏನಂದ್ರಿ ಇಶ್ರತ್ ಖಾನಮ್?"

"ನಾನಾ? ಏನೂ ಇಲ್ಲಪ್ಪ. ಚಹಾ ತರಲಾ ಅಂದೆ."

"ನಿಮ್ಮ ಯಂತ್ರಕ್ಕೆ ಕಣ್ಣು ಹೋಗಿದೆ ಅಂದ್ರಿ."

"ಅಯ್ಯೋ, ವಯಸ್ಸಾಯ್ತಲ್ಲ ಇಂಜಿನಿಯರಮ್ಮಾ. ನನ್ನ ಕಣ್ಣು ಅನ್ನೋಕೆ ಹೋಗಿ ಯಂತ್ರದ ಕಣ್ಣು ಅಂದೆ."

ಇಶ್ರತ್ ಖಾನಮ್ ನಕ್ಷೆಗಳಿಗೆ ಬಣ್ಣ ತುಂಬುವವರು. ಕಡು ನೀಲಿಯಲ್ಲಿ ಹತ್ತು ಬಗೆಯನ್ನು ಕಿಟಕಿಯ ಬೆಳಕಿನಲ್ಲೇ ಬೇರೆ ಮಾಡಿ ತೋರಿಸುವ ಕಣ್ಣು ಅವರದು. ಅದಕ್ಕೆ ಏನೂ ಆಗಿರಲಿಲ್ಲ.

ತೂರಾನ್ ಅವರ ಕುರ್ಚಿಯಲ್ಲಿ ಕೂತು ಬ್ರೌಸರ್ ತೆರೆದಳು. ಮೊದಲು ಒಂದು ಸುದ್ದಿ ತಾಣ. ಬರಲಿಲ್ಲ. ಹವಾಮಾನದ ಪುಟ. ಬರಲಿಲ್ಲ. ಮೇಲ್ ಕೂಡ ಇಲ್ಲ. ಕೊನೆಗೆ ಇಶ್ರತ್ ಖಾನಮ್ ಗುರುತು ಹಾಕಿಟ್ಟಿದ್ದ ಬ್ಯಾಂಕಿನ ಪುಟ ಒತ್ತಿದಳು. ಅದು ತಟ್ಟನೆ ತೆರೆಯಿತು. ವಿದ್ಯುತ್ ಬಿಲ್ಲಿನ ಪುಟವೂ ತೆರೆಯಿತು.

ಜಗತ್ತೆಲ್ಲ ಮುಚ್ಚಿ ಬ್ಯಾಂಕೂ ಕರೆಂಟಿನ ಬಿಲ್ಲೂ ಮಾತ್ರ ತೆರೆದಿರುವ ಕಂಪ್ಯೂಟರ್. ತಂತಿ ಕೆಟ್ಟಿದ್ದರೆ ಎಲ್ಲವೂ ಕೆಡಬೇಕಿತ್ತು.

ಸುದ್ದಿ ತಾಣದ ಜಾಗದಲ್ಲಿ ಬಂದಿದ್ದ ತಪ್ಪಿನ ಸಂದೇಶವನ್ನು ಈ ಸಲ ಪೂರ್ತಿ ಓದಿದಳು. ಪ್ರಾಕ್ಸಿ ಸರ್ವರ್ ಸಿಗುತ್ತಿಲ್ಲ ಎಂದಿತ್ತು.

"ಉಸ್ತಾದರನ್ನೂ ಕಿಯಾರಶ್ ಅವರನ್ನೂ ಕರೀರಿ. ಗೊಲ್‌ಬಹಾರಳೂ ಬರಲಿ," ಅಂದಳು ತೂರಾನ್. "ಚಹಾನೂ ತನ್ನಿ. ಈಗ ನಿಜವಾಗ್ಲೂ ಬೇಕು."

*

ನಾಲ್ವರೂ ಬಂದು ಕೂತರು. ಗೋಡೆಯ ಮೇಲೆ ಚೌಕ ಚೌಕದ ಹಾಳೆಯಲ್ಲಿ ಅರ್ಧ ಬಣ್ಣ ತುಂಬಿದ ಹೊಸ ನಕ್ಷೆ ತೂಗುತ್ತಿತ್ತು. ಮೊಕದ್ದಮೆ ಶುರುವಾದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಉಸ್ತಾದರು ಎಪ್ಪತ್ತು ದಾಟಿದವರು. ಬೆರಳುಗಳ ಸಂದಿಯಲ್ಲಿ ಪೆನ್ಸಿಲ್ಲಿನ ಕಪ್ಪು ಯಾವಾಗಲೂ ಇರುತ್ತಿತ್ತು. ಅವರ ಪಕ್ಕದಲ್ಲಿ ಸೋದರಳಿಯ ಕಿಯಾರಶ್. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಅವನೇ, ಉಸ್ತಾದರ ಪರವಾಗಿ ದೂರು ಬರೆದವನೂ ಅವನೇ. ಗೊಲ್‌ಬಹಾರ್ ಬಾಗಿಲಿಗೆ ಹತ್ತಿರ ಕೂತಳು. ಜಾಮೀನಿನ ಮೇಲೆ ಬಂದ ದಿನದಿಂದ ಆಕೆ ಎಲ್ಲಿ ಹೋದರೂ ಬಾಗಿಲ ಹತ್ತಿರವೇ ಕೂರುತ್ತಿದ್ದಳು.

"ಒಂದೇ ಪ್ರಶ್ನೆ," ಅಂದಳು ತೂರಾನ್. "ಈ ಮನೇಲಿ ಫಿಲ್ಟರ್‌ಶೆಕನ್ ಯಾರು ಬಳಸ್ತೀರಿ?"

ಸರ್ಕಾರ ಮುಚ್ಚಿದ ತಾಣಗಳಿಗೆ ಹಿಂಬಾಗಿಲು ತೆರೆಯುವ ತಂತ್ರಾಂಶ ಅದು. ಅದು ಇಲ್ಲದ ಮನೆ ಊರಲ್ಲಿ ಇರಲಿಲ್ಲ. ಇದೆ ಎಂದು ಒಪ್ಪಿಕೊಳ್ಳುವ ಮನೆಯೂ ಇರಲಿಲ್ಲ.

"ಹಾಗಂದ್ರೆ ಏನು?" ಅಂದರು ಇಶ್ರತ್ ಖಾನಮ್.

"ನನಗೆ ಆ ಪೆಟ್ಟಿಗೆ ಆನ್ ಮಾಡೋದೇ ಗೊತ್ತಿಲ್ಲ ತಾಯಿ," ಅಂದರು ಉಸ್ತಾದರು.

"ನಮ್ಮದು ಕಾನೂನಿಗೆ ತಲೆಬಾಗಿ ನಡೆಯೋ ಸಂಸ್ಥೆ," ಅಂದ ಕಿಯಾರಶ್.

ಗೊಲ್‌ಬಹಾರ್ ಚಹಾದ ಗಾಜಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ತೂರಾನ್ ಬಹಳ ಮನೆಗಳಲ್ಲಿ ಕಂಡಿದ್ದಳು. ಇಲ್ಲಿ ಆ ಹಾಲಿನ ಬೆಲೆ ತೆರುತ್ತಿದ್ದವಳು ಬಾಗಿಲ ಬಳಿ ಕೂತಿದ್ದಳು.

ತೂರಾನ್ ತನ್ನ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟು ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಮೂಲೆಯಲ್ಲಿ ಒಂದು ಪುಟ್ಟ ಹಸಿರು ಗುರುತು ಹೊಳೆಯುತ್ತಿತ್ತು.

"ಇದು ನನ್ನದು. ನನ್ನ ತಂಗಿ ಮಗ ಹಾಕಿಕೊಟ್ಟಿದ್ದು. ಹೋದ ವಾರದ್ದು ಸತ್ತುಹೋಯ್ತು, ಇದು ಹೊಸದು. ಇನ್ನು ನೀವು ಹೇಳಿ."

ಇಶ್ರತ್ ಖಾನಮ್ ಕಿಸಕ್ಕನೆ ನಕ್ಕರು. ನಗು ತಡೆಯಲು ಹೋಗಿ ಚಹಾಕ್ಕೆಂದು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸಕ್ಕರೆ ಗಡ್ಡೆ ಗಂಟಲಿಗೆ ಸಿಕ್ಕಿ ಕೆಮ್ಮಿದರು.

"ಕೋರ್ಟಿನೋರೇ ಹಿಂಬಾಗಿಲಲ್ಲಿ ಓಡಾಡ್ತಾರೆ ಅಂದ್ರೆ ನಾವೇನು ಮಹಾ!"

"ಕೋರ್ಟು ನನ್ನ ಕೇಳಿರೋದು ನಕ್ಷೆ ಯಾರು ಕಳಿಸಿದ್ರು ಅಂತ. ಯಾರು ಯಾವ ಹಾಡು ಕೇಳಿದ್ರು, ಯಾರು ಮೊಮ್ಮಗಳ ಮುಖ ನೋಡಿದ್ರು ಅಂತ ಅಲ್ಲ. ಹೇಳಿ ಇಶ್ರತ್ ಖಾನಮ್. ಆ ಯಂತ್ರ ಹೋದ್ರೆ ಈ ಯಂತ್ರ ಯಾಕೆ ಕುರುಡಾಗ್ಬೇಕು?"

"ಯಾಕೆ ಅಂದ್ರೆ ಅದು ಇರೋದು ಅವಳ ಹತ್ರ ಮಾತ್ರ! ನಾವೆಲ್ಲ ಅವಳ ಮೇಲೆ ಹಾದು ಹೋಗ್ತೀವಿ. ಬೆಳಿಗ್ಗೆ ಬಂದ ಕೂಡ್ಲೇ 'ಗೊಲ್‌ಬಹಾರ್, ತೆಗೆದಿದ್ದೀಯೇನೇ?' ಅಂತ ಕೂಗೋದು. ಅವಳು 'ತೆಗೆದಿದ್ದೀನಿ' ಅನ್ನೋದು. ಅಷ್ಟೇ. ಟೊರಾಂಟೋದಲ್ಲಿ ನನ್ನ ಮೊಮ್ಮಗಳಿಗೆ ಹಲ್ಲು ಬಂದಿದೆ ಅಂತೆ, ಇಂಜಿನಿಯರಮ್ಮಾ. ಯಂತ್ರ ಹೋದಾಗಿಂದ ನಾನಿನ್ನೂ ನೋಡಿಲ್ಲ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಪೊಲೀಸರ ಮುಂದೆ ಫಿಲ್ಟರ್‌ಶೆಕನ್ ಅಂತಾ ಬಾಯಿ ಬಿಡೋಕಾಗುತ್ತಾ? ನಕ್ಷೆಗೂ ಅದಕ್ಕೂ ಏನು ಸಂಬಂಧ ಅಂದ್ಕೊಂಡೆ."

ತೂರಾನ್ ಗೊಲ್‌ಬಹಾರಳ ಕಡೆ ತಿರುಗಿದಳು. "ನಿನಗಂತೂ ಸಂಬಂಧ ಗೊತ್ತಿತ್ತಲ್ಲ?"

ಹುಡುಗಿ ತಲೆ ಎತ್ತಿದಳು. "ಗೊತ್ತಿತ್ತು. ಹೇಳಿದ್ರೆ ಎಲ್ಲರ ಹೆಸರೂ ಬರ್ತಿತ್ತು. ಉಸ್ತಾದರದ್ದೂ."

"ನನ್ನ ಹೆಸರು ಯಾಕೆ ಬರುತ್ತೆ?" ಅಂದರು ಉಸ್ತಾದರು. ಆಮೇಲೆ ಮೀಸೆಯ ತುದಿ ಎಳೆದುಕೊಂಡು, "ಹಳೇ ಗಾಯಕಿಯರ ಹಾಡು ಒಂದೆರಡು. ಅದೂ ಶುಕ್ರವಾರ ಬಿಟ್ಟು," ಅಂದರು.

*

ಸೀಲು ಹಾಕಿದ ಯಂತ್ರ ತೂರಾನಳ ಕಾರಿನಲ್ಲೇ ಇತ್ತು. ಕೋರ್ಟಿಗೆ ಒಪ್ಪಿಸಲು ಹೊರಟಿದ್ದಳಲ್ಲ. ನಾಲ್ವರ ಎದುರಿಗೇ ಅರಗು ಒಡೆದು, ದಾರ ಬಿಚ್ಚಿ, ಒಡೆದದ್ದಕ್ಕೆ ನಾಲ್ವರ ಸಹಿಯನ್ನೂ ತೆಗೆದುಕೊಂಡು, ಅದನ್ನು ಅದರ ಹಳೆಯ ಜಾಗದಲ್ಲೇ ಕೂರಿಸಿದಳು.

"ಈಗ ಎಲ್ಲರೂ ನೋಡ್ತಾ ಇರಿ," ಅಂದಳು. "ಕಿಯಾರಶ್, ಈ ಮನೆಯ ಯಂತ್ರಗಳ ಸಂಖ್ಯೆ ಹೇಳಿ."

"ನನ್ನದು ಹನ್ನೊಂದು. ಮಾವಂದು ಹನ್ನೆರಡು. ಇಶ್ರತ್ ಖಾನಮ್ ಹದಿಮೂರು. ಅವಳದ್ದು ಹದಿನಾಲ್ಕು. ನಕ್ಷೆ ಹೋಗಿರೋದು ಹದಿನಾಲ್ಕರಿಂದ. ಸಂಖ್ಯೆ ಸುಳ್ಳು ಹೇಳೋಲ್ಲ ಇಂಜಿನಿಯರಮ್ಮಾ."

"ಹೇಳೋಲ್ಲ. ಕೇಳೋರು ತಪ್ಪು ಕೇಳ್ತಾರೆ."

ಹದಿನಾಲ್ಕನೆಯ ಯಂತ್ರದಲ್ಲಿ ಫಿಲ್ಟರ್‌ಶೆಕನ್ ಎದ್ದಿತು. ಅದರ ಆಯ್ಕೆಗಳಲ್ಲಿ ಒಂದು ಪುಟ್ಟ ಚೌಕ. ಅಕ್ಕಪಕ್ಕದ ಯಂತ್ರಗಳಿಗೂ ದಾರಿ ಬಿಡು ಎಂಬ ಸಾಲಿನ ಮುಂದೆ ಗುರುತು ಇತ್ತು. ಅಂದರೆ ಈ ಯಂತ್ರ ಈ ಮನೆಗೆಲ್ಲ ಪ್ರಾಕ್ಸಿ, ನಡುವೆ ನಿಂತು ಬೇರೆಯವರ ಪರವಾಗಿ ಹೊರಗೆ ಹೋಗಿಬರುವ ಮಧ್ಯವರ್ತಿ.

ತೂರಾನ್ ಮತ್ತೆ ಇಶ್ರತ್ ಖಾನಮ್ ಅವರ ಯಂತ್ರಕ್ಕೆ ಬಂದಳು. ಬ್ರೌಸರಿನ ಆಯ್ಕೆಗಳು, ಅದರೊಳಗೆ ಜಾಲ, ಅದರೊಳಗೆ ಸಂಪರ್ಕದ ಸೆಟ್ಟಿಂಗ್. ಕಿಟಕಿ ತೆರೆದುಕೊಂಡಿತು. ಪ್ರಾಕ್ಸಿ ಬೇಡ, ತಾನಾಗಿ ಹುಡುಕು, ಕೈಯಿಂದ ಹೊಂದಿಸು ಎಂದು ಆಯ್ಕೆಗಳು. ಗುಂಡಿ ಇದ್ದದ್ದು ಕೈಯಿಂದ ಹೊಂದಿಸು ಎಂಬಲ್ಲಿ. ಅದರ ಕೆಳಗೆ ಉದ್ದನೆಯ ಪೆಟ್ಟಿಗೆಯಲ್ಲಿ ವಿಳಾಸ, 192.168.1.14. ಪಕ್ಕದ ಚಿಕ್ಕ ಪೆಟ್ಟಿಗೆಯಲ್ಲಿ ಬಾಗಿಲ ಸಂಖ್ಯೆ, 8080.

"ಇದನ್ನ ಬರೆದವರು ಯಾರು?"

"ನಾನೇ," ಅಂದಳು ಗೊಲ್‌ಬಹಾರ್. "ಎಲ್ಲರದ್ದಕ್ಕೂ ನಾನೇ ಬರೆದುಕೊಟ್ಟೆ."

"ಕೆಳಗಿರೋದು?"

ಅತಿ ಕೆಳಗಿನ ಪೆಟ್ಟಿಗೆ ಅದು. ಇವುಗಳಿಗೆ ಪ್ರಾಕ್ಸಿ ಬೇಡ ಎಂಬುದು ಅದರ ಹೆಸರು. ಬ್ಯಾಂಕಿನ ವಿಳಾಸ, ವಿದ್ಯುತ್ ಬಿಲ್ಲಿನ ವಿಳಾಸ ಅದರಲ್ಲಿದ್ದವು.

"ನಮ್ಮ ಬ್ಯಾಂಕು ಹೊರದೇಶದ ವಿಳಾಸದಿಂದ ಹೋದ್ರೆ ಬಾಗಿಲು ತೆಗೆಯೋಲ್ಲ," ಅಂದಳು ಗೊಲ್‌ಬಹಾರ್. "ಮೊದಲು ಇವರು ಬ್ಯಾಂಕಿಗೆ ಹೋಗುವಾಗೆಲ್ಲ ಪ್ರಾಕ್ಸಿ ತೆಗೀಬೇಕಿತ್ತು, ಆಮೇಲೆ ಹಾಕ್ಬೇಕಿತ್ತು. ಮರೀತಿದ್ರು. ಅದಕ್ಕೇ ಅಲ್ಲಿ ಬರೆದುಬಿಟ್ಟೆ."

"ಮರೀತಿದ್ದೆ ಅನ್ನು, ಬೈತಿದ್ದೆ ಅನ್ನೋದನ್ನೂ ಹೇಳು," ಅಂದರು ಇಶ್ರತ್ ಖಾನಮ್.

ಹಾಗಾಗಿ ಬ್ಯಾಂಕು ಬಂದಿತ್ತು, ಮಿಕ್ಕ ಜಗತ್ತು ಬಂದಿರಲಿಲ್ಲ. ತೂರಾನಳ ಮನಸ್ಸಿನಲ್ಲಿ ಮೊದಲ ಗಂಟು ಸಡಿಲಾಯಿತು. ಆದರೆ ಮನಸ್ಸಿನ ಗಂಟನ್ನು ನ್ಯಾಯಾಧೀಶರು ನಂಬುವುದಿಲ್ಲ.

"ನಿಮ್ಮ ಹತ್ರ ಒಂದು ದೊಡ್ಡ ಚಿತ್ರ ಇದೆಯಾ, ಇಶ್ರತ್ ಖಾನಮ್? ಗುಟ್ಟಿನದ್ದಲ್ಲದ್ದು?"

"ನನ್ನ ಬೆಕ್ಕಿಂದು ಇದೆ."

"ಬೆಕ್ಕೇ ಆಗ್ಲಿ. ಗೊಲ್‌ಬಹಾರ್, ನೀನು ಅಲ್ಲೇ ಬಾಗಿಲಲ್ಲಿ ಕೂತಿರು. ಲೋಟ ಕೈಯಲ್ಲೇ ಇರಲಿ. ಕಿಯಾರಶ್, ಮಾಡೆಮಿನ ಪುಟ ತೆರೆದಿಡಿ."

ಇಶ್ರತ್ ಖಾನಮ್ ತಮ್ಮ ಯಂತ್ರದಿಂದ, ತಮ್ಮ ಬೆರಳಿಂದ, ತಮ್ಮ ಬೆಕ್ಕಿನ ಚಿತ್ರವನ್ನು ಟೊರಾಂಟೋದ ಮಗಳಿಗೆ ಕಳಿಸಿದರು. ಪಟ್ಟಿ ನಿಧಾನವಾಗಿ ತುಂಬಿತು. ಬೆಕ್ಕು ಹೋಯಿತು.

"ಕಿಯಾರಶ್, ಈಗಷ್ಟೇ ಒಂದು ದೊಡ್ಡ ಕಡತ ಹೊರಗೆ ಹೋಯ್ತು. ಯಾವ ಯಂತ್ರದಿಂದ?"

ಕಿಯಾರಶ್ ಪರದೆ ನೋಡಿದ. ಪುಟವನ್ನು ಹೊಸದಾಗಿ ತೆರೆದು ಮತ್ತೊಮ್ಮೆ ನೋಡಿದ.

"ಹೇಳಪ್ಪ," ಅಂದರು ಉಸ್ತಾದರು.

"ಹದಿನಾಲ್ಕು," ಅಂದ ಕಿಯಾರಶ್.

ಹದಿನಾಲ್ಕನೆಯ ಯಂತ್ರದ ಮುಂದಿನ ಕುರ್ಚಿ ಖಾಲಿ ಇತ್ತು. ಅದರ ಒಡತಿ ಬಾಗಿಲಲ್ಲಿ ಕೂತಿದ್ದಳು, ಆರಿದ ಚಹಾ ಹಿಡಿದುಕೊಂಡು.

"ಮಾಡೆಮಿಗೆ ಕಾಣೋದು ಬಾಗಿಲು ಮಾತ್ರ," ಅಂದಳು ತೂರಾನ್. "ಬಾಗಿಲಲ್ಲಿ ಹಾದುಹೋದವರು ಯಾರು ಅಂತ ಅದಕ್ಕೆ ಗೊತ್ತಿಲ್ಲ. ಎಲ್ಲರೂ ಹಾದು ಹೋಗೋ ಬಾಗಿಲನ್ನ ಕಳ್ಳ ಅಂತ ಹಿಡಿದು ಜೈಲಿಗೆ ಹಾಕೋಕಾಗೋಲ್ಲ. ನನ್ನ ವರದಿಯಲ್ಲಿ ಹಾಗೇ ಬರೀತೀನಿ. ನಕ್ಷೆ ಕಳಿಸಿದವಳು ಗೊಲ್‌ಬಹಾರ್ ಅನ್ನೋಕೆ ಸಾಕ್ಷ್ಯ ಇಲ್ಲ."

ಹುಡುಗಿ ಅಳುತ್ತಾಳೆ ಎಂದು ತೂರಾನ್ ಅಂದುಕೊಂಡಿದ್ದಳು. ಗೊಲ್‌ಬಹಾರ್ ಅಳಲಿಲ್ಲ. ಲೋಟದ ತಣ್ಣನೆಯ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಎದ್ದು ಬಂದು, ತನ್ನ ಕುರ್ಚಿಯಲ್ಲಿ ಕೂತಳು. ಕೂತು ಮೇಜಿನ ಧೂಳನ್ನು ಅಂಗೈಯಿಂದ ಒರೆಸಿದಳು.

ಅತ್ತದ್ದು ಇಶ್ರತ್ ಖಾನಮ್. "ಹರಕೆ ಹೊತ್ತಿದ್ದೆ ಕಣೇ. ನೀನು ಬಿಡುಗಡೆ ಆದ್ರೆ ಬೀದಿಗೆಲ್ಲ ಆಶ್ ಗಂಜಿ ಬೇಯಿಸಿ ಹಂಚ್ತೀನಿ ಅಂತ. ಈಗ ಕಡಲೆ, ಅವರೆ, ಪಾಲಕ್ ಎಲ್ಲ ತರ್ಬೇಕು. ದೊಡ್ಡ ಪಾತ್ರೆ ಅಂತ ಬೇರೆ ಹೇಳಿಬಿಟ್ಟಿದ್ದೀನಿ ದೇವರಿಗೆ."

"ಪಾತ್ರೆ ಅಂದಿದ್ದೀರಿ, ತುಂಬಾ ಅಂದಿಲ್ಲವಲ್ಲ. ಅರ್ಧ ಬೇಯ್ಸಿ," ಅಂದರು ಉಸ್ತಾದರು. ಇಸ್ಫಹಾನಿನವರ ಲೆಕ್ಕಾಚಾರ ದೇವರ ಹತ್ತಿರವೂ ಬಿಡುವುದಿಲ್ಲ.

ಆಮೇಲೆ ಅವರು ಗೋಡೆಯ ಹತ್ತಿರ ಹೋಗಿ, ಅರ್ಧಕ್ಕೆ ನಿಂತ ನಕ್ಷೆಯ ಒಂದು ಮೂಲೆಯನ್ನು ನೇರ ಮಾಡಿ, ಬೆನ್ನು ತಿರುಗಿಸಿಕೊಂಡೇ ಅಂದರು: "ಈ ಬಳ್ಳಿ ಎಡಕ್ಕೆ ವಾಲಿದೆ. ಮಧ್ಯಾಹ್ನ ಊಟ ಆದ್ಮೇಲೆ ಸರಿ ಮಾಡಮ್ಮ ಗೊಲ್‌ಬಹಾರ್."

"ಆಗ್ಲಿ ಉಸ್ತಾದ್."

ಅವರ ಮಟ್ಟಿಗೆ ಅದೇ ಕ್ಷಮೆ ಕೇಳಿದ್ದು, ಅವಳ ಮಟ್ಟಿಗೆ ಅದೇ ಕೊಟ್ಟಿದ್ದು. ತೂರಾನಳ ಭುಜಗಳೂ ತಿಂಗಳ ನಂತರ ಮೊದಲ ಸಲ ಕೆಳಗಿಳಿದವು. ಸಹಿ ಹಾಕಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಹೋಗಲಿಲ್ಲ. ತಟ್ಟೆಯಲ್ಲಿದ್ದ ಗಜ್ ಮಿಠಾಯಿಯ ಹಿಟ್ಟು ಕೊಡವಿ ಬಾಯಿಗೆ ಹಾಕಿಕೊಂಡಳು.

*

"ನನ್ನದನ್ನೂ ನೋಡಿಬಿಡಿ," ಅಂದ ಕಿಯಾರಶ್. "ನನ್ನ ಬ್ರೌಸರ್ ಪೂರ್ತಿ ಸ್ವಚ್ಛ."

ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇಗ ಸಿಗುತ್ತಾರೆ.

ತೂರಾನ್ ಮೊದಲು ಉಸ್ತಾದರ ಯಂತ್ರ ನೋಡಿದಳು. ಇಶ್ರತ್ ಖಾನಮ್ ಅವರದ್ದರಂತೆಯೇ ಇತ್ತು, ಅದೇ ಹದಿನಾಲ್ಕು, ಅದೇ ಬಾಗಿಲು. ಆಮೇಲೆ ಹನ್ನೊಂದನೆಯದಕ್ಕೆ ಬಂದಳು. ಕಿಯಾರಶ್ ತಾನೇ ಕಿಟಕಿ ತೆರೆದು ತೋರಿಸಿದ. ಗುಂಡಿ ಪ್ರಾಕ್ಸಿ ಬೇಡ ಎಂಬಲ್ಲಿತ್ತು. ವಿಳಾಸದ ಪೆಟ್ಟಿಗೆ ಖಾಲಿ.

"ನೋಡಿದ್ರಲ್ಲ?"

"ನೋಡಿದೆ," ಅಂದಳು ತೂರಾನ್. ಆದರೆ ಕಿಟಕಿ ಮುಚ್ಚಲಿಲ್ಲ. ಕೆಳಗಿನ ಪೆಟ್ಟಿಗೆಯತ್ತ ಬಗ್ಗಿದಳು. ಪ್ರಾಕ್ಸಿ ಬೇಡ ಎಂದ ಕೂಡಲೇ ಆ ಪೆಟ್ಟಿಗೆ ಮಸುಕಾಗುತ್ತದೆ. ಅಳಿಸಿಹೋಗುವುದಿಲ್ಲ. ಬೂದು ಬಣ್ಣದಲ್ಲಿ ಬ್ಯಾಂಕಿನ ವಿಳಾಸ ಅಲ್ಲೇ ಇತ್ತು.

"ಕಿಯಾರಶ್, ಮದುವೆಗೇ ಹೋಗದವನು ಊಟ ಬಡಿಸುವಾಗ ನನಗೆ ಪಲಾವ್ ಬೇಡ ಅಂತಾನಾ?"

"ಅಂದ್ರೆ?"

"ಪ್ರಾಕ್ಸಿನೇ ಇಲ್ಲದವರು, ಬ್ಯಾಂಕಿಗೆ ಮಾತ್ರ ಪ್ರಾಕ್ಸಿ ಬೇಡ ಅಂತ ಯಾಕೆ ಬರೀತಾರೆ? ನೀವೂ ಅದೇ ಬಾಗಿಲಲ್ಲಿ ಓಡಾಡ್ತಿದ್ರಿ. ಯಂತ್ರಕ್ಕೆ ಸೀಲು ಬಿದ್ದ ಮೇಲೆ ಮೇಲಿನದನ್ನ ಅಳಿಸಿದ್ರಿ. ಕೆಳಗೆ ನೋಡ್ಲಿಲ್ಲ."

ಕಿಯಾರಶ್‌ನ ಕತ್ತು ಕೆಂಪಾಯಿತು. "ಎಲ್ಲರ ಹಾಗೆ ನಾನೂ..."

"ಎಲ್ಲರ ಹಾಗೆ ಅಲ್ಲ. ಇಶ್ರತ್ ಖಾನಮ್‌ಗೆ ಮಾಡೆಮ್ ಲೆಕ್ಕ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಹದಿನಾಲ್ಕರ ಮೇಲೆ ನಾಲ್ವರು ಹಾದು ಹೋಗ್ತಾರೆ ಅಂತ ಗೊತ್ತಿದ್ದೂ ದೂರಲ್ಲಿ ಒಬ್ಬಳ ಹೆಸರು ಬರೆದ್ರಿ."

"ಫಿಲ್ಟರ್‌ಶೆಕನ್ ಇದೆ ಅಂತ ಬರೆದಿದ್ರೆ ಈ ಅಂಗಡಿಗೇ ಬೀಗ ಬೀಳ್ತಿತ್ತು! ಮಾವನ ಹೆಸರು ಹೋಗ್ತಿತ್ತು. ನನಗೆ ಭಯ ಆಯ್ತು, ಇಂಜಿನಿಯರಮ್ಮಾ. ದೇವರಾಣೆ, ಬರೀ ಭಯ. ನಕ್ಷೆ ನಾನು ಮುಟ್ಟಿಲ್ಲ."

"ನಿನ್ನ ಭಯಕ್ಕೆ ಹುಡುಗಿ ಜೈಲಿಗೆ ಹೋಗ್ಬೇಕಿತ್ತೇನೋ?" ಅಂದರು ಉಸ್ತಾದರು. ದನಿ ಏರಲಿಲ್ಲ. ಅದಕ್ಕೇ ಕಿಯಾರಶ್ ಇನ್ನಷ್ಟು ಕುಗ್ಗಿದ.

ತೂರಾನ್ ಪೆಟ್ಟಿಗೆಯನ್ನು ಓದುತ್ತಲೇ ಇದ್ದಳು. ಮೊದಲ ಎರಡು ಹೆಸರು ಎಲ್ಲ ಬ್ರೌಸರಿನಲ್ಲೂ ತಾವಾಗಿ ಬರುವಂಥವು. ಆಮೇಲೆ ಬ್ಯಾಂಕು. ಆಮೇಲೆ ವಿದ್ಯುತ್. ಆಮೇಲೆ ಪೆಟ್ಟಿಗೆಯ ಅಂಚಿನಾಚೆಗೆ ಇನ್ನೇನೋ ಇತ್ತು. ಬಾಣದ ಗುರುತು ಒತ್ತಿ ಮುಂದಕ್ಕೆ ಸರಿಸಿದಳು.

192.168.1.40.

"ನಲವತ್ತು ಯಾವುದು?"

"ನಲವತ್ತಾ?" ಕಿಯಾರಶ್ ಬಗ್ಗಿ ನೋಡಿದ. "ನಲವತ್ತು ಅಂತ ಯಂತ್ರನೇ ಇಲ್ಲ. ನಾಲ್ಕೇ ಇರೋದು."

"ಈ ಮನೆಯ ಒಳಗಿನ ವಿಳಾಸ ಇದು, ಹೊರಗಿನದ್ದಲ್ಲ. ನಿಮ್ಮ ಬ್ರೌಸರ್ ಗೊಲ್‌ಬಹಾರಳ ಬಾಗಿಲು ಬಿಟ್ಟು ನೇರವಾಗಿ ಆ ಯಂತ್ರದ ಜೊತೆ ಮಾತಾಡ್ತಿತ್ತು. ನಕ್ಷೆಗಳನ್ನ ಸ್ಕ್ಯಾನ್ ಮಾಡಿ ಇಡೋದು ಎಲ್ಲಿ?"

"ಇದರಲ್ಲೇ. ಸ್ಕ್ಯಾನರ್ ಇರೋದು ಇದೊಂದಕ್ಕೇ."

"ಹಾಗಾದ್ರೆ ನಕ್ಷೆ ಮೊದಲು ಇಲ್ಲಿಂದ ನಲವತ್ತಕ್ಕೆ ಹೋಗಿರಬಹುದು. ನಲವತ್ತರಿಂದ ಹದಿನಾಲ್ಕರ ಮೇಲೆ ಹಾದು ಹೊರಗೆ. ನಿಮ್ಮ ಬ್ರೌಸರಲ್ಲಿ ಇದನ್ನ ಬರೆದವರು ಯಾರು, ಕಿಯಾರಶ್?"

"ನಾನಲ್ಲ! ಮಾವ, ನಾನಲ್ಲ. ನಾನು ಆ ಪೆಟ್ಟಿಗೆನೇ ನೋಡಿಲ್ಲ, ನೋಡಿದ್ರೆ ಅಳಿಸ್ತಿರಲಿಲ್ವಾ?"

ಮಾತು ನ್ಯಾಯವಾಗಿತ್ತು. ಆದರೆ ಒಂದು ಗಳಿಗೆಯ ಹಿಂದಷ್ಟೇ ಸುಳ್ಳು ಹೇಳಿ ಸಿಕ್ಕಿಬಿದ್ದವನ ಬಾಯಲ್ಲಿ ನ್ಯಾಯದ ಮಾತಿಗೂ ತೂಕ ಇರಲಿಲ್ಲ. ಉಸ್ತಾದರು ಸೋದರಳಿಯನನ್ನು ನೋಡುವ ನೋಟ ಬದಲಾಗಿತ್ತು.

ತೂರಾನ್ ಕಪ್ಪು ಪರದೆಯ ಕಿಟಕಿಯೊಂದನ್ನು ತೆರೆದು, ನಲವತ್ತನೆಯ ವಿಳಾಸಕ್ಕೆ ಬಾಗಿಲು ತಟ್ಟುವ ಆದೇಶ ಬರೆದು ಒತ್ತಿದಳು. ಇಲ್ಲದ ಯಂತ್ರ ಉತ್ತರಿಸುವುದಿಲ್ಲ.

ಒಂದು ಸಾಲು ಮೂಡಿತು. ನಲವತ್ತರಿಂದ ಉತ್ತರ. ಅದರ ಕೆಳಗೆ ಇನ್ನೊಂದು. ಇನ್ನೊಂದು.

"ಇದೆ," ಅಂದಳು ತೂರಾನ್. "ಇದೆ, ಈಗ ಆನ್ ಆಗಿದೆ. ಈ ಮಾಡೆಮಿನ ಅಲೆ ಎಷ್ಟು ದೂರ ಹೋಗುತ್ತೆ?"

"ಗೋಡೆ ದಪ್ಪ," ಅಂದ ಕಿಯಾರಶ್. "ಅಕ್ಕಪಕ್ಕದ ಮನೆ. ಹೆಚ್ಚಂದ್ರೆ ಎದುರು ಮಾಳಿಗೆ."

"ಅದರ ಗುಪ್ತಪದ ಯಾರ ಹತ್ರ ಇದೆ?"

"ನನ್ನ ಹತ್ರ ಮಾತ್ರ. ಅಂದ್ರೆ... ನನ್ನ ಹತ್ರ..." ತಾನು ಹೇಳಿದ್ದು ತನ್ನ ಕೊರಳಿಗೇ ಸುತ್ತಿಕೊಂಡದ್ದು ಅವನಿಗೆ ಹೊಳೆಯಿತು. ಕುರ್ಚಿ ಹಿಡಿದುಕೊಂಡ.

"ಅವರನ್ನ ಬಿಟ್ಟುಬಿಡಿ, ಇಂಜಿನಿಯರಮ್ಮಾ."

ಎಲ್ಲರೂ ತಿರುಗಿದರು. ಗೊಲ್‌ಬಹಾರ್ ಎದ್ದು ನಿಂತಿದ್ದಳು. ಈಗಷ್ಟೇ ಮರಳಿ ಸಿಕ್ಕ ಕುರ್ಚಿಯ ಬೆನ್ನ ಮೇಲೆ ಅವಳ ಕೈ ಇತ್ತು.

"ಗುಪ್ತಪದ ನನಗೂ ಗೊತ್ತು. ನಕ್ಷೆಗಳನ್ನ ನೋಡ್ಬೇಕು ಅಂತ ಕೇಳಿದವರಿಗೆ ಆ ಸಂಖ್ಯೆ ಕೊಟ್ಟಿದ್ದು ನಾನು. ಅವರ ಬ್ರೌಸರಲ್ಲಿ ಬರೆದಿದ್ದೂ ನಾನೇ."

"ಹುಚ್ಚುಡುಗಿ, ಕೂತ್ಕೊಳ್ಳೇ!" ಅಂದರು ಇಶ್ರತ್ ಖಾನಮ್. "ಈಗ ತಾನೇ ಬಿಡಿಸಿದ್ದಾರೆ ನಿನ್ನ!"

"ಅದಕ್ಕೇ ಹೇಳ್ತಿದ್ದೀನಿ, ಖಾನಮ್. ಒಂದು ಸಂಖ್ಯೆ ತೋರ್ಸಿ 'ಇದು ನೀನೇ' ಅಂದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು. ಇವರು ನನಗೆ ಮಾಡಿದ್ರು ಅಂತ ನಾನು ಇವರಿಗೆ ಮಾಡ್ಲಾ?"

ಕಿಯಾರಶ್ ಅವಳ ಮುಖ ನೋಡಲಾರದೆ ಕಿಟಕಿ ನೋಡಿದ.

"ನಕ್ಷೆ ನೀನು ಕಳಿಸಿದ್ಯಾ?" ಅಂದಳು ತೂರಾನ್.

"ಇಲ್ಲ. ಕಳಿಸಿದ್ರು ಅಂತ ನನಗೆ ಗೊತ್ತೂ ಇರಲಿಲ್ಲ. ಈ ಗಳಿಗೆ ತನಕ ಅಂದ್ಕೊಂಡೂ ಇರಲಿಲ್ಲ."

"ನಲವತ್ತು ಯಾರದ್ದು?"

ಗೊಲ್‌ಬಹಾರ್ ಉಸ್ತಾದರನ್ನು ನೋಡಿದಳು, ಮತ್ತೆ ತೂರಾನಳನ್ನು ನೋಡಿದಳು. "ಹೊರಗೆ ಬನ್ನಿ, ಹೇಳ್ತೀನಿ. ಉಸ್ತಾದರ ಎದುರಿಗೆ ಆ ಹೆಸರು ಹೇಳೋಲ್ಲ ಅಂತ ಮಾತು ಕೊಟ್ಟಿದ್ದೀನಿ."

ಉಸ್ತಾದ್ ಜರ್ನೆಗಾರ್ ಗೋಡೆಯ ನಕ್ಷೆಯ ಪಕ್ಕದಲ್ಲೇ ನಿಂತಿದ್ದರು. ಅವರ ಬೆರಳು ಹಾಳೆಯ ಮೇಲಿಂದ ಜಾರಿತು.

"ಯಾರೂ ಹೊರಗೆ ಹೋಗ್ಬೇಡಿ," ಅಂದರು. "ಈ ಮನೇಲಿ ನನ್ನೆದುರು ಹೇಳಬಾರದ ಹೆಸರು ಒಂದೇ ಇರೋದು."

ಇಶ್ರತ್ ಖಾನಮ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಉಸ್ತಾದರಿಗೆ ಒಬ್ಬಳು ಮಗಳಿದ್ದಳು, ತಂದೆಯ ಕೈಚಳಕವನ್ನೇ ಹೊತ್ತು ಹುಟ್ಟಿದವಳು, ಜಗಳವಾಡಿ ಗಡಿ ದಾಟಿ ಹೋದವಳು ಎಂದು ಊರಿಗೆಲ್ಲ ತಿಳಿದಿತ್ತು. ಹೋದ ಮೇಲೆ ಆಕೆಯ ಕಾಗದವಾಗಲಿ ಸುದ್ದಿಯಾಗಲಿ ಈ ಅಂಗಳಕ್ಕೆ ಬಂದಿರಲಿಲ್ಲ.

ಉಸ್ತಾದರು ಕಪ್ಪು ಪರದೆಯತ್ತ ಬಂದರು. ಅದನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಆದರೂ ಕನ್ನಡಕ ಏರಿಸಿ, ಮುಖ ಹತ್ತಿರ ತಂದು, ಸಾಲು ಸಾಲಾಗಿ ಮೂಡುತ್ತಿದ್ದದ್ದನ್ನು ನೋಡಿದರು.

"ಎದುರು ಮಾಳಿಗೆ ತನಕ ಅಂದನಲ್ಲ ಇವನು, ತಾಯಿ," ಅಂದ ಅವರ ದನಿಯಲ್ಲಿ ಕೋಪ ಇರಲಿಲ್ಲ. ತೂರಾನ್ ಹುಡುಕಿದಳು, ಇರಲಿಲ್ಲ. "ಅಂದ್ರೆ ಅವಳು ಈ ಓಣಿಯಲ್ಲೇ ಇದ್ದಾಳಾ?"

ಗೊಲ್‌ಬಹಾರ್ ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲಿನ ಸಾಲುಗಳು ನಿಂತುಹೋದವು. ಯಾರೋ ನಲವತ್ತನೆಯ ಯಂತ್ರವನ್ನು ಆರಿಸಿದ್ದರು.